ವ್ಯಸನಮುಕ್ತಿಯ ನಂತರ ಬದುಕಿನ ಉದ್ದೇಶವನ್ನು ಮರಳಿ ಕಂಡುಕೊಳ್ಳುವುದು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರಲ್ಲಿ ಅನೇಕರಿಗೆ ಕೆಲವೇ ವಾರಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಕುಡಿತವೇನೋ ನಿಂತಿತು, ಇನ್ನು ಮುಂದೆ ಯಾವುದಕ್ಕಾಗಿ ಬದುಕಬೇಕು ಎಂಬುದೇ ಆ ಪ್ರಶ್ನೆ. ವಿಪರೀತ ದುಡಿಮೆಯಿಂದ ಬಳಲಿ, ಆ ಬಳಲಿಕೆಯನ್ನು ಮರೆಯಲು ಮದ್ಯದ ಮೊರೆಹೊಕ್ಕವರಿಗೆ ಈ ಪ್ರಶ್ನೆ ಇನ್ನಷ್ಟು ಕಠಿಣವಾಗಿರುತ್ತದೆ. ಏಕೆಂದರೆ ಅವರ ಪಾಲಿಗೆ ಕೆಲಸವೂ ರುಚಿ ಕಳೆದುಕೊಂಡಿರುತ್ತದೆ, ಕೆಲಸದ ದಣಿವನ್ನು ಮರೆಸುತ್ತಿದ್ದ ಮದ್ಯವೂ ಇಲ್ಲವಾಗಿರುತ್ತದೆ.

ಈ ಪ್ರಶ್ನೆಯನ್ನು ಕೇವಲ ಮನಸ್ಸಿನ ಚಂಚಲತೆಯೆಂದು ತಳ್ಳಿಹಾಕುವುದು ಸೂಕ್ತವಲ್ಲ. ಚಿಕಿತ್ಸೆಯ ನಂತರ ದಿನವನ್ನು ತುಂಬುವ ಅರ್ಥಪೂರ್ಣ ಕೆಲಸ, ಸಂಬಂಧ ಮತ್ತು ಜವಾಬ್ದಾರಿಗಳು ದೊರೆಯದಿದ್ದಲ್ಲಿ ವ್ಯಸನ ಮರುಕಳಿಸುವ ಸಂಭವ ಹೆಚ್ಚುತ್ತದೆ. ಆದುದರಿಂದ ಚೇತರಿಕೆಯ ಹಾದಿಯಲ್ಲಿ ಬದುಕಿನ ಉದ್ದೇಶವು ಯಾವ ಕ್ರಮದಲ್ಲಿ ಮರಳಿ ಬರುತ್ತದೆ, ಅದಕ್ಕೆ ಚೇತರಿಸಿಕೊಳ್ಳುತ್ತಿರುವವರು ಮತ್ತು ಕುಟುಂಬದವರು ಏನು ಮಾಡಬಹುದು, ರಾಜ್ಯದಲ್ಲಿ ಯಾವ ಸೇವೆಗಳು ಲಭ್ಯವಿವೆ ಎಂಬ ವಿಷಯಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ದುಡಿಮೆಯ ಬಳಲಿಕೆ ಎಂದರೇನು?

ಬರ್ನ್‌ಔಟ್ ಎಂಬ ಹೆಸರಿನಿಂದ ಪರಿಚಿತವಾಗಿರುವ ದುಡಿಮೆಯ ಬಳಲಿಕೆಯು ಒಂದೆರಡು ದಿನದ ವಿಶ್ರಾಂತಿಯಿಂದ ಕಳೆಯುವ ಆಯಾಸವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು 1974ರಲ್ಲಿ ಪ್ರಕಟಿಸಿದ ಲೇಖನದ ಮೂಲಕ ಈ ಪದವು ಮನಶ್ಶಾಸ್ತ್ರದಲ್ಲಿ ಬಳಕೆಗೆ ಬಂದಿತು. ನ್ಯೂಯಾರ್ಕ್ ನಗರದಲ್ಲಿ ಮಾದಕ ವ್ಯಸನಿಗಳೂ ಬರುತ್ತಿದ್ದ ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದ ಅವರು, ಅಲ್ಲಿ ಅತ್ಯುತ್ಸಾಹದಿಂದ ದುಡಿಯುತ್ತಿದ್ದ ಸ್ವಯಂಸೇವಕರೇ ಕ್ರಮೇಣ ಬತ್ತಿಹೋಗುತ್ತಿರುವುದನ್ನು ಗಮನಿಸಿದರು. ಸೋಮಾರಿಗಳಿಗೆ ಬರುವ ತೊಂದರೆ ಇದಲ್ಲ, ಮನಸ್ಸಿಟ್ಟು ದುಡಿಯುವವರನ್ನೇ ಇದು ಹೆಚ್ಚಾಗಿ ಕಾಡುತ್ತದೆ ಎಂಬುದು ಆಗಲೇ ಕಂಡುಬಂದ ಸಂಗತಿ.

ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿ 1ರಿಂದ ಜಾರಿಗೆ ಬಂದ ತನ್ನ 11ನೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಇದನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ. ಸರಿಯಾಗಿ ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದಿಂದ ಇದು ಉಂಟಾಗುತ್ತದೆ. ಇದರ ಮೂರು ಮುಖ್ಯ ಲಕ್ಷಣಗಳು ಈ ಕೆಳಕಂಡಂತಿವೆ:

1. ಶಕ್ತಿಯೆಲ್ಲ ಸೋರಿಹೋದಂತಹ ಬಳಲಿಕೆ.
2. ಕೆಲಸದ ಬಗ್ಗೆ ಜಿಗುಪ್ಸೆ, ನಿರ್ಲಿಪ್ತತೆ ಅಥವಾ ಸಿನಿಕತನ.
3. ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲವೆಂಬ ಭಾವನೆ.

ಈ ಲಕ್ಷಣಗಳು ಕೆಲಸದ ಸ್ಥಳಕ್ಕೆ ಮಾತ್ರ ಸೀಮಿತವಾಗಿರದೆ ಎಲ್ಲದರಲ್ಲಿಯೂ ಆಸಕ್ತಿ ಕುಂದಿದ್ದರೆ, ನಿದ್ರೆ ಮತ್ತು ಹಸಿವು ಕೆಟ್ಟಿದ್ದರೆ, ಸಾವಿನ ಯೋಚನೆ ಬರುತ್ತಿದ್ದರೆ ಅದು ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಅಂತಹ ಸಂದರ್ಭದಲ್ಲಿ ಮನೋವೈದ್ಯರನ್ನು ತಪ್ಪದೆ ಕಾಣಬೇಕು.

ಬಳಲಿಕೆ ಮತ್ತು ಮದ್ಯ ಒಂದನ್ನೊಂದು ಬೆಳೆಸುವ ಬಗೆ

ದಣಿದವರು ನಿದ್ರೆಗಾಗಿ ಕುಡಿಯುವುದು ಸಾಮಾನ್ಯ. ಮದ್ಯವು ನಿದ್ರೆಯನ್ನು ಬೇಗ ತರಿಸುತ್ತದೆಯಾದರೂ ರಾತ್ರಿಯ ಉತ್ತರಾರ್ಧದಲ್ಲಿ ನಿದ್ರೆಯನ್ನು ಒಡೆಯುತ್ತದೆ. ಮರುದಿನ ದೇಹ ಇನ್ನೂ ಹೆಚ್ಚು ದಣಿದಿರುತ್ತದೆ, ಕೆಲಸ ಇನ್ನೂ ಭಾರವೆನಿಸುತ್ತದೆ, ಸಂಜೆಗೆ ಮದ್ಯದ ಅಗತ್ಯ ಇನ್ನೂ ಹೆಚ್ಚುತ್ತದೆ. ದಿನ ಕಳೆದಂತೆ ಅದೇ ಪರಿಣಾಮಕ್ಕೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಕೊನೆಗೆ ಸುಖಕ್ಕಾಗಿ ಕುಡಿಯುವ ಸ್ಥಿತಿ ಹೋಗಿ, ಕುಡಿಯದಿದ್ದರೆ ಕೈ ನಡುಗುತ್ತದೆ ಎಂಬ ಕಾರಣಕ್ಕೆ ಕುಡಿಯುವ ಸ್ಥಿತಿ ಬರುತ್ತದೆ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇಕಡ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಿದ್ದರು. ಮದ್ಯಾವಲಂಬನೆಗೆ ಒಳಗಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾಗಿ ತಿಳಿಸಿದ್ದರು. ಚಿಕಿತ್ಸೆಯ ಅಗತ್ಯವಿದ್ದವರಲ್ಲಿ ಬಹುತೇಕರು ಆಸ್ಪತ್ರೆಯ ಬಾಗಿಲಿಗೇ ಬಂದಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಹಿಳೆಯರಲ್ಲಿ ಈ ತೊಂದರೆ ಇನ್ನಷ್ಟು ಮರೆಯಲ್ಲಿ ಉಳಿಯುತ್ತದೆ. ಹೊರಗಿನ ದುಡಿಮೆ ಮತ್ತು ಮನೆಗೆಲಸ ಎರಡನ್ನೂ ಹೊತ್ತ ಮಹಿಳೆಯರಲ್ಲಿ ನಿದ್ರೆ ಮಾತ್ರೆ ಅಥವಾ ನೋವಿನ ಮಾತ್ರೆಗಳ ಅವಲಂಬನೆ ಬೆಳೆದಿದ್ದರೆ ಅದೂ ವ್ಯಸನವೇ ಆಗಿದೆ ಮತ್ತು ಅದಕ್ಕೂ ಚಿಕಿತ್ಸೆ ಇದೆ.

ಮೊದಲ ಹೆಜ್ಜೆ: ವೈದ್ಯಕೀಯ ಚಿಕಿತ್ಸೆ

ಪ್ರತಿದಿನ ಹೆಚ್ಚಿನ ಪ್ರಮಾಣದಲ್ಲಿ ಕುಡಿಯುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ಕುಡಿತ ನಿಲ್ಲಿಸುವುದು ಅಪಾಯಕಾರಿ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ಓಕರಿಕೆ ಮತ್ತು ತಳಮಳ ಕಾಣಿಸಿಕೊಳ್ಳಬಹುದು. ಕೆಲವರಿಗೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ದಿಕ್ಕು ತೋಚದಂತಾಗಿ, ಇಲ್ಲದ ವಸ್ತುಗಳು ಕಾಣಿಸುವ ಸನ್ನಿಯ ಸ್ಥಿತಿ ಉಂಟಾಗಬಹುದು. ಇದು ಪ್ರಾಣಾಪಾಯದ ಸ್ಥಿತಿಯಾದುದರಿಂದ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. 108 ಆಂಬ್ಯುಲೆನ್ಸ್ ಸೇವೆಯನ್ನು ಬಳಸಿಕೊಳ್ಳಬಹುದು.

ಜಾಹೀರಾತು ನೋಡಿ ತರಿಸಿದ ಪುಡಿ ಅಥವಾ ಮಾತ್ರೆಗಳನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದನ್ನು ಕುಟುಂಬದವರು ಎಂದಿಗೂ ಮಾಡಬಾರದು. ಡೈಸಲ್ಫಿರಾಮ್‌ನಂತಹ ಔಷಧ ಸೇವಿಸಿದವರು ಮದ್ಯ ಕುಡಿದರೆ ರಕ್ತದೊತ್ತಡ ಕುಸಿಯುವುದು, ಎದೆಬಡಿತ ಏರುವುದು ಮುಂತಾದ ತೀವ್ರ ಪರಿಣಾಮಗಳಾಗಬಹುದು. ಈ ಔಷಧವನ್ನು ರೋಗಿಯ ಒಪ್ಪಿಗೆಯೊಂದಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ನೀಡಲಾಗುತ್ತದೆ.

ಚಿಕಿತ್ಸೆಯ ನಂತರದ ಬರಿದುತನ

ದೇಹದಿಂದ ಮದ್ಯದ ಪರಿಣಾಮವನ್ನು ಇಳಿಸುವ ಚಿಕಿತ್ಸೆಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮುಗಿಯುತ್ತದೆ. ಆದರೆ ಮನಸ್ಸು ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಸಂತೋಷದ ಅನುಭವಕ್ಕೆ ಸಂಬಂಧಿಸಿದ ಮೆದುಳಿನ ವ್ಯವಸ್ಥೆಯು ವರ್ಷಗಳ ಕಾಲ ಮದ್ಯದ ಪ್ರಬಲ ಪ್ರಚೋದನೆಗೆ ಒಗ್ಗಿಹೋಗಿರುತ್ತದೆ. ಮದ್ಯ ನಿಂತ ಮೇಲೆ ಮಕ್ಕಳ ನಗು, ಒಳ್ಳೆಯ ಊಟ, ಹಾಡು, ಹಬ್ಬ ಮುಂತಾದ ಸಹಜ ಸಂತೋಷಗಳು ಕೆಲಕಾಲ ಸಪ್ಪೆಯಾಗಿ ತೋರುತ್ತವೆ. ನಿದ್ರೆಯ ಏರುಪೇರು, ಸಿಡುಕು, ಮಂಕುತನ ಇವು ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಇರಬಹುದು.

ಈ ಅವಧಿಯಲ್ಲಿ ಚೇತರಿಸಿಕೊಳ್ಳುತ್ತಿರುವವರು ಎರಡು ಬಗೆಯ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿರುತ್ತದೆ. ಮೊದಲನೆಯದು, ಕುಡಿತವಿಲ್ಲದ ಬದುಕು ಎಂದೆಂದಿಗೂ ಹೀಗೆಯೇ ಸಪ್ಪೆಯಾಗಿರುತ್ತದೆ ಎಂಬುದು. ಇದು ಸರಿಯಲ್ಲ. ಮೆದುಳು ನಿಧಾನವಾಗಿ ತನ್ನ ಸಮತೋಲನಕ್ಕೆ ಮರಳುತ್ತದೆ ಮತ್ತು ಸಣ್ಣ ಸಂತೋಷಗಳ ರುಚಿ ಮತ್ತೆ ತಿಳಿಯತೊಡಗುತ್ತದೆ. ಎರಡನೆಯದು, ಕಳೆದುಹೋದ ವರ್ಷಗಳನ್ನೆಲ್ಲ ಒಂದೇ ಸಲಕ್ಕೆ ತುಂಬಿಕೊಡಬೇಕು, ಸಾಲವನ್ನೆಲ್ಲ ತೀರಿಸಬೇಕು, ಎಲ್ಲರೆದುರು ಮೊದಲಿಗಿಂತ ಹೆಚ್ಚು ದುಡಿದು ತೋರಿಸಬೇಕು ಎಂಬ ಆತುರ. ನೋಡುವವರಿಗೆ ಇದು ಒಳ್ಳೆಯ ಲಕ್ಷಣವೆನಿಸಿದರೂ, ಮೊದಲು ಬಳಲಿಕೆಗೆ ದೂಡಿದ ದಾರಿಗೇ ಇದು ಮತ್ತೆ ಕರೆದೊಯ್ಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಹಣಕ್ಕೆ ಅನ್ವಯಿಸುವಂತೆ ಶಕ್ತಿಗೂ ಅನ್ವಯಿಸುತ್ತದೆ.

ಉದ್ದೇಶ ಮರಳಿ ಬರುವ ಕ್ರಮ

ಅಮೆರಿಕ ಸರ್ಕಾರದ ವ್ಯಸನ ಮತ್ತು ಮಾನಸಿಕ ಆರೋಗ್ಯ ಸೇವೆಗಳ ಆಡಳಿತ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಚೇತರಿಕೆಗೆ ನಾಲ್ಕು ಆಧಾರಗಳನ್ನು ಹೆಸರಿಸಲಾಗಿದೆ. ಅವು ಆರೋಗ್ಯ, ಮನೆ, ಉದ್ದೇಶ ಮತ್ತು ಸಮುದಾಯ. ಇದರಲ್ಲಿ ಉದ್ದೇಶವೆಂದರೆ ಮಹತ್ತರ ಸಾಧನೆಯಲ್ಲ. ಉದ್ಯೋಗ, ಕಲಿಕೆ, ಸ್ವಯಂಸೇವೆ, ಕುಟುಂಬದ ಆರೈಕೆ, ಸೃಜನಶೀಲ ಹವ್ಯಾಸ ಮುಂತಾದ ಅರ್ಥಪೂರ್ಣ ದಿನನಿತ್ಯದ ಚಟುವಟಿಕೆಗಳನ್ನೇ ಉದ್ದೇಶವೆಂದು ಕರೆಯಲಾಗಿದೆ.

ಉದ್ದೇಶವನ್ನು ಮೊದಲು ಯೋಚಿಸಿ ಕಂಡುಹಿಡಿದು ಆಮೇಲೆ ಕೆಲಸಕ್ಕೆ ತೊಡಗಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಬಳಲಿದ ಮನಸ್ಸಿನಲ್ಲಿ ಉತ್ಸಾಹ ತಾನಾಗಿ ಹುಟ್ಟುವುದಿಲ್ಲ. ಸಣ್ಣ ಕೆಲಸವನ್ನು ಮೊದಲು ಮಾಡಬೇಕು, ಮಾಡುತ್ತ ಹೋದಂತೆ ಆಸಕ್ತಿ ಹಿಂಬಾಲಿಸಿ ಬರುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ಬಳಸುವ ವಿಧಾನಗಳಲ್ಲೊಂದು ಈ ತತ್ವವನ್ನೇ ಆಧರಿಸಿದೆ. ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಶರಣರು ಬಳಕೆಗೆ ತಂದ ಕಾಯಕ ಮತ್ತು ದಾಸೋಹ ಎಂಬ ಪದಗಳು ಕೂಡ ಕೈಯಿಂದ ಮಾಡುವ ದುಡಿಮೆಯನ್ನು ಇತರರಿಗೆ ಸಲ್ಲುವ ಸೇವೆಯೊಂದಿಗೆ ಸೇರಿಸುತ್ತವೆ. ಈ ದಿಸೆಯಲ್ಲಿ ಕೆಳಕಂಡ ಕ್ರಮವನ್ನು ಅನುಸರಿಸಬಹುದು:

1. ದಿನಚರಿ: ಮೊದಲ ಕೆಲವು ವಾರಗಳಲ್ಲಿ ಏಳುವ, ಉಣ್ಣುವ ಮತ್ತು ಮಲಗುವ ವೇಳೆಯನ್ನು ನಿಗದಿಪಡಿಸಿಕೊಳ್ಳುವುದು. ಹಸಿವು, ಕೋಪ, ಒಂಟಿತನ ಮತ್ತು ದಣಿವು ಕುಡಿತದ ಆಸೆಯನ್ನು ಕೆರಳಿಸುವ ನಾಲ್ಕು ಸಾಮಾನ್ಯ ಕಾರಣಗಳಾಗಿದ್ದು, ಕ್ರಮಬದ್ಧ ದಿನಚರಿಯು ಇವುಗಳಲ್ಲಿ ಹಲವನ್ನು ತಡೆಯುತ್ತದೆ.

2. ಅಪಾಯದ ವೇಳೆ: ಹಿಂದೆ ಕುಡಿಯುತ್ತಿದ್ದ ವೇಳೆಗೆ, ಸಾಮಾನ್ಯವಾಗಿ ಸಂಜೆಗೆ, ಖಚಿತವಾದ ಬೇರೊಂದು ಕೆಲಸವನ್ನು ಇಟ್ಟುಕೊಳ್ಳುವುದು. ಬಿಡುವಿನ ವೇಳೆಯನ್ನು ಬರಿದಾಗಿ ಬಿಡುವುದು ಮೊದಲ ತಿಂಗಳುಗಳಲ್ಲಿ ಸೂಕ್ತವಲ್ಲ.

3. ಒಂದು ಚಿಕ್ಕ ಹೊಣೆ: ಇನ್ನೊಬ್ಬರು ತನಗಾಗಿ ಕಾಯುವಂತಹ ಒಂದು ಚಿಕ್ಕ ಹೊಣೆಯನ್ನು ಹೊರುವುದು. ಮಗುವನ್ನು ಶಾಲೆಯಿಂದ ಕರೆತರುವುದು, ವಯಸ್ಸಾದ ತಾಯಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದು, ಹಸುವಿಗೆ ಮೇವು ಹಾಕುವುದು ಮುಂತಾದವು ಇದಕ್ಕೆ ಉದಾಹರಣೆಗಳು. ಕೊಟ್ಟ ಮಾತು ಪ್ರತಿದಿನ ಉಳಿದಂತೆ ಕುಟುಂಬದವರ ನಂಬಿಕೆಯೂ ತನ್ನ ಮೇಲಿನ ತನ್ನ ನಂಬಿಕೆಯೂ ಮರಳುತ್ತವೆ.

4. ಹಳೆಯ ಕೌಶಲ: ಕುಡಿತ ಮತ್ತು ಅತಿದುಡಿಮೆಗಿಂತ ಮೊದಲು ಯಾವುದರಲ್ಲಿ ಮನಸ್ಸು ನಿಲ್ಲುತ್ತಿತ್ತು ಎಂಬುದನ್ನು ನೆನಪಿಸಿಕೊಂಡು, ವಾರಕ್ಕೆ ಒಂದೆರಡು ಗಂಟೆ ಅದಕ್ಕೆ ಮೀಸಲಿಡುವುದು. ಬಡಗಿ ಕೆಲಸ, ಭಜನೆ, ಯಕ್ಷಗಾನ ತಾಳಮದ್ದಲೆ, ಕೈತೋಟ, ಗ್ರಂಥಾಲಯದ ಓದು ಯಾವುದಾದರೂ ಆಗಬಹುದು. ಇದರಿಂದ ಸಂಪಾದನೆ ಆಗಲೇಬೇಕೆಂದಿಲ್ಲ.

5. ಇತರರಿಗೆ ನೆರವು: ಕೆಲವು ತಿಂಗಳ ನಂತರ, ಅದೇ ತೊಂದರೆಯಲ್ಲಿರುವ ಇನ್ನೊಬ್ಬರಿಗೆ ನೆರವಾಗುವುದು.

ಕೊನೆಯ ಅಂಶಕ್ಕೆ ಚಾರಿತ್ರಿಕ ಹಿನ್ನೆಲೆಯಿದೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ವ್ಯವಹಾರಕ್ಕಾಗಿ ಹೋಗಿದ್ದ ಬಿಲ್ ವಿಲ್ಸನ್ ಎಂಬುವರು ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದರು. ವ್ಯವಹಾರ ಕೈಗೂಡದೆ ಪರಊರಿನಲ್ಲಿ ಒಂಟಿಯಾಗಿದ್ದ ಅವರಿಗೆ ಮತ್ತೆ ಕುಡಿಯುವ ಆಸೆಯಾಯಿತು. ಕುಡಿತದಿಂದ ನರಳುತ್ತಿರುವ ಇನ್ನೊಬ್ಬರೊಂದಿಗೆ ಮಾತನಾಡಿದರೆ ತಾವು ಉಳಿಯಬಹುದೆಂದು ಅವರು ಹುಡುಕಿದಾಗ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರ ಪರಿಚಯವಾಯಿತು. ಈ ಇಬ್ಬರ ಭೇಟಿಯಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಪರಸ್ಪರ ನೆರವಿನ ಕೂಟ ಹುಟ್ಟಿತು. ಇನ್ನೊಬ್ಬರಿಗೆ ನೆರವಾಗುವವನೇ ಮೊದಲು ನೆರವು ಪಡೆಯುತ್ತಾನೆ ಎಂಬುದು ಈ ಕೂಟದ ಅನುಭವ. ಇದರ ಗುಂಪುಗಳು ಕರ್ನಾಟಕದಲ್ಲಿಯೂ ಇದ್ದು, ಸಭೆಗಳಿಗೆ ಶುಲ್ಕವಿರುವುದಿಲ್ಲ. ಸದಸ್ಯರ ಹೆಸರನ್ನು ಬಹಿರಂಗಪಡಿಸಲಾಗುವುದಿಲ್ಲ.

ಒಂದು ಉದಾಹರಣೆ

ಮೇಲಿನ ಕ್ರಮವು ಕಾರ್ಯರೂಪಕ್ಕೆ ಬರುವ ಬಗೆಯನ್ನು ತಿಳಿಸಲು ಒಂದು ಕಾಲ್ಪನಿಕ ಉದಾಹರಣೆಯನ್ನು ಇಲ್ಲಿ ನೀಡಲಾಗಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ 42 ವರ್ಷದ ಲೇತ್ ಕೆಲಸಗಾರರೊಬ್ಬರು ಮನೆ ಕಟ್ಟಿದ ಸಾಲ ತೀರಿಸಲು ನಾಲ್ಕು ವರ್ಷ ಎಡೆಬಿಡದೆ ಓವರ್‌ಟೈಮ್ ದುಡಿದಿದ್ದಾರೆ. ರಾತ್ರಿ ನಿದ್ರೆಗೆಂದು ಆರಂಭವಾದ ಕುಡಿತ ಬೆಳಗಿನ ಕುಡಿತಕ್ಕೆ ತಿರುಗಿ, ಯಂತ್ರದ ಮುಂದೆ ಕೈ ನಡುಗುವ ಸ್ಥಿತಿ ಬಂದಾಗ ಆಸ್ಪತ್ರೆಗೆ ಸೇರಿದ್ದಾರೆ.

ಚಿಕಿತ್ಸೆಯ ನಂತರ ಅವರು ಮೊದಲ ವಾರವೇ ಎರಡು ಪಾಳಿ ದುಡಿಯಲು ಸಿದ್ಧರಾದರೂ ವೈದ್ಯರು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಳೆಯ ಬಾರ್ ಇರುವುದರಿಂದ ಅವರು ದಾರಿ ಬದಲಿಸುತ್ತಾರೆ. ಸಂಜೆ ಆರೂವರೆಗೆ ಮಗಳನ್ನು ಟ್ಯೂಷನ್‌ನಿಂದ ಕರೆತರುವ ಹೊಣೆ ವಹಿಸಿಕೊಳ್ಳುತ್ತಾರೆ. ಮೊದಲ ತಿಂಗಳು ಮಗಳು ಹೆಚ್ಚು ಮಾತನಾಡುವುದಿಲ್ಲ. ತಂದೆ ಹೇಳಿದ ಹೊತ್ತಿಗೆ ಬರುತ್ತಾರೆಂಬ ನಂಬಿಕೆ ಆಕೆಗೆ ಇರುವುದಿಲ್ಲ. ಮೂರನೆಯ ತಿಂಗಳಿಗೆ ಆಕೆ ದಾರಿಯುದ್ದಕ್ಕೂ ಶಾಲೆಯ ಸುದ್ದಿ ಹೇಳತೊಡಗುತ್ತಾಳೆ. ಆರನೆಯ ತಿಂಗಳಲ್ಲಿ ಕಾರ್ಖಾನೆಗೆ ಹೊಸದಾಗಿ ಸೇರಿದ ಐಟಿಐ ಹುಡುಗರಿಗೆ ಯಂತ್ರದ ಕೆಲಸ ಕಲಿಸುವಂತೆ ಮಾಲೀಕರು ಅವರನ್ನು ಕೇಳುತ್ತಾರೆ. ಸಾಲ ಇನ್ನೂ ತೀರಿಲ್ಲ, ಕಂತನ್ನು ಮಾತ್ರ ಕಡಿಮೆ ಮಾಡಿಸಿಕೊಳ್ಳಲಾಗಿದೆ. ಆದರೆ ಯಾವುದಕ್ಕಾಗಿ ಬದುಕಬೇಕು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳದೆ ಹಲವು ವಾರಗಳೇ ಆಗಿರುತ್ತವೆ. ಉತ್ತರವು ಯೋಚನೆಯಿಂದ ಬಂದಿಲ್ಲ, ಪ್ರತಿದಿನದ ಆರೂವರೆ ಗಂಟೆಯಿಂದ ಬಂದಿದೆ.

ಕೆಲಸಕ್ಕೆ ಮರಳುವಾಗ ಗಮನಿಸಬೇಕಾದ ಅಂಶಗಳು

1. ಸಾಧ್ಯವಿದ್ದಲ್ಲಿ ಕಡಿಮೆ ಅವಧಿಯ ಅಥವಾ ಹಗಲು ಪಾಳಿಯ ಕೆಲಸದಿಂದ ಆರಂಭಿಸಬೇಕು. ರಾತ್ರಿ ಪಾಳಿಯು ನಿದ್ರೆಯನ್ನು ಕೆಡಿಸುವುದರಿಂದ ಮೊದಲ ತಿಂಗಳುಗಳಲ್ಲಿ ಅದನ್ನು ತಪ್ಪಿಸುವುದು ಉತ್ತಮ.
2. ಹಿಂದಿನ ಬಳಲಿಕೆಗೆ ಕಾರಣವೇನೆಂದು ಬರೆದಿಟ್ಟುಕೊಳ್ಳಬೇಕು. ಕೆಲಸದ ಪ್ರಮಾಣವೋ, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದೋ, ಮನ್ನಣೆ ಇಲ್ಲದಿರುವುದೋ ಅಥವಾ ಅನ್ಯಾಯವೋ ಎಂಬುದು ಸ್ಪಷ್ಟವಾದರೆ ಅದನ್ನು ಮಾತ್ರ ಬದಲಿಸಲು ಪ್ರಯತ್ನಿಸಬಹುದು. ಇಡೀ ಉದ್ಯೋಗವನ್ನೇ ಬಿಡುವ ಅಗತ್ಯ ಎಲ್ಲರಿಗೂ ಬರುವುದಿಲ್ಲ.
3. ಚೇತರಿಕೆಯ ಮೊದಲ ತಿಂಗಳುಗಳಲ್ಲಿ ರಾಜೀನಾಮೆ, ಆಸ್ತಿ ಮಾರಾಟ, ಹೊಸ ಸಾಲ ಮುಂತಾದ ದೊಡ್ಡ ನಿರ್ಧಾರಗಳನ್ನು ಆತುರದಿಂದ ಕೈಗೊಳ್ಳಬಾರದು.
4. ಮದ್ಯದ ಅಂಗಡಿ ಅಥವಾ ಬಾರ್‌ನಂತಹ ಸ್ಥಳದಲ್ಲಿ ಉದ್ಯೋಗವಿದ್ದವರು ಬೇರೆ ಉದ್ಯೋಗಕ್ಕೆ ಪ್ರಯತ್ನಿಸುವುದು ಸೂಕ್ತ.

ಕುಟುಂಬದವರ ಪಾತ್ರ

ವರ್ಷಗಟ್ಟಲೆ ನೊಂದಿರುವ ಕುಟುಂಬದವರಿಂದ ಒಂದೇ ದಿನದಲ್ಲಿ ಕ್ಷಮೆಯನ್ನು ನಿರೀಕ್ಷಿಸಲಾಗದು. ಆದಾಗ್ಯೂ ಹಳೆಯದನ್ನು ಪ್ರತಿದಿನ ಎತ್ತಿ ಆಡುವುದು, ಜೇಬು ಮತ್ತು ಬಾಯಿಯ ವಾಸನೆ ಪರೀಕ್ಷಿಸುವುದು, ಹಣದ ಒಂದು ರೂಪಾಯಿಯನ್ನೂ ಕೈಗೆ ಕೊಡದಿರುವುದು ಚೇತರಿಸಿಕೊಳ್ಳುತ್ತಿರುವವರನ್ನು ಮನೆಯಲ್ಲಿಯೇ ಹೊರಗಿನವರನ್ನಾಗಿ ಮಾಡುತ್ತವೆ. ಹಣದ ನಿರ್ವಹಣೆಯನ್ನು ಕೆಲಕಾಲ ಇಬ್ಬರೂ ಒಪ್ಪಿದ ರೀತಿಯಲ್ಲಿ ಮಾಡಿಕೊಂಡು, ಹೊಣೆಗಳನ್ನು ಒಂದೊಂದಾಗಿ ಮರಳಿ ಒಪ್ಪಿಸುವುದು ಉತ್ತಮ ಮಾರ್ಗ. ಹೊಣೆಯೇ ಇಲ್ಲದವರಿಗೆ ಉದ್ದೇಶವೂ ಇರುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಕುಟುಂಬದವರಿಗೂ ಬಳಲಿಕೆ ಉಂಟಾಗುತ್ತದೆ. ಅವರು ಕೂಡ ಆಪ್ತಸಮಾಲೋಚನೆ ಪಡೆಯಬಹುದು. ವ್ಯಸನಿಗಳ ಕುಟುಂಬದವರಿಗಾಗಿ 1951ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್-ಅನಾನ್ ಎಂಬ ನೆರವಿನ ಕೂಟವು ಭಾರತದಲ್ಲಿಯೂ ಕಾರ್ಯನಿರ್ವಹಿಸುತ್ತಿದೆ. ಮನೆಯಲ್ಲಿ ದೈಹಿಕ ಹಿಂಸೆ ನಡೆಯುತ್ತಿದ್ದಲ್ಲಿ ಅದನ್ನು ಕಾಯಿಲೆಯ ಭಾಗವೆಂದು ಸಹಿಸಿಕೊಳ್ಳಬೇಕಾಗಿಲ್ಲ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಮರುಕಳಿಸಿದಲ್ಲಿ ಏನು ಮಾಡಬೇಕು?

ವ್ಯಸನವು ಮರುಕಳಿಸುವ ಸ್ವಭಾವದ ಕಾಯಿಲೆ. ಒಮ್ಮೆ ಎಡವಿದ ಕೂಡಲೇ ಎಲ್ಲವೂ ಮುಗಿಯಿತೆಂದು ಭಾವಿಸುವವರು ಆ ನಾಚಿಕೆಯಿಂದಲೇ ಮತ್ತೆ ಕುಡಿತದಲ್ಲಿ ಮುಳುಗುತ್ತಾರೆ. ಒಂದು ದಿನ ಕುಡಿದದ್ದಕ್ಕೂ ಹಳೆಯ ಸ್ಥಿತಿಗೆ ಮರಳಿದ್ದಕ್ಕೂ ವ್ಯತ್ಯಾಸವಿದೆ. ಅದೇ ದಿನ ಅಥವಾ ಮರುದಿನವೇ ವೈದ್ಯರನ್ನು, ಆಪ್ತಸಮಾಲೋಚಕರನ್ನು ಅಥವಾ ನಂಬಿಕೆಯ ಒಬ್ಬ ವ್ಯಕ್ತಿಯನ್ನು ಸಂಪರ್ಕಿಸಿ ನಡೆದದ್ದನ್ನು ತಿಳಿಸಬೇಕು. ಕಳೆದ ತಿಂಗಳುಗಳಲ್ಲಿ ಕಟ್ಟಿಕೊಂಡ ದಿನಚರಿ ಮತ್ತು ಹೊಣೆಗಳನ್ನು ಕೈಬಿಡಬಾರದು. ಅವು ವ್ಯರ್ಥವಾಗಿಲ್ಲ, ಮರಳಿ ಏಳುವಾಗ ಅವೇ ಹಿಡಿದು ನಿಲ್ಲುವ ಆಸರೆಗಳು.

ರಾಜ್ಯದಲ್ಲಿ ಲಭ್ಯವಿರುವ ಸೇವೆಗಳು

1. ಟೆಲಿ-ಮನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ರಾಷ್ಟ್ರೀಯ ದೂರವಾಣಿ ಮಾನಸಿಕ ಆರೋಗ್ಯ ಸೇವೆ. ಉಚಿತ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಆತ್ಮಹತ್ಯೆಯ ಯೋಚನೆ ಬಂದಲ್ಲಿ ತಡಮಾಡದೆ ಕರೆ ಮಾಡಬೇಕು.

2. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ: ಉಚಿತ ಸಂಖ್ಯೆ 14446. ಹತ್ತಿರದ ವ್ಯಸನಮುಕ್ತಿ ಕೇಂದ್ರದ ಮಾಹಿತಿ ದೊರೆಯುತ್ತದೆ.

3. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಈ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಲಭ್ಯವಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಭೇಟಿ ನೀಡುವ ದಿನವನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದು.

4. ವಿಶೇಷ ಸಂಸ್ಥೆಗಳು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ಮತ್ತು ಧಾರವಾಡದ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ.

5. ಉದ್ಯೋಗ ತರಬೇತಿ: 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ ಮತ್ತು ವಸತಿ ಸಹಿತ ಉಚಿತ ತರಬೇತಿ ನೀಡಲಾಗುತ್ತದೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮುಂತಾದ 18 ಕಸುಬುಗಳವರು 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಅರ್ಹತೆಗಳನ್ನು ಪರಿಶೀಲಿಸಬಹುದು.

6. ಮುಂದುವರಿದ ಶಿಕ್ಷಣ: ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ಬಯಸುವವರು 1996ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳ ಮಾಹಿತಿ ಪಡೆಯಬಹುದು.

ಚಿಕಿತ್ಸೆಗೆ ಬರುವಾಗ ಗುರುತಿನ ಚೀಟಿ, ಹಿಂದಿನ ಚಿಕಿತ್ಸೆಯ ಚೀಟಿಗಳು, ಸೇವಿಸುತ್ತಿರುವ ಔಷಧಿಗಳು ಮತ್ತು ಪಡಿತರ ಚೀಟಿ ಅಥವಾ ಆಯುಷ್ಮಾನ್ ಕಾರ್ಡ್ ಇದ್ದಲ್ಲಿ ಅವುಗಳನ್ನು ತರುವುದು ಅನುಕೂಲ. ದಾಖಲೆಗಳಿಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಗೆ ಬರುವುದನ್ನು ಮುಂದೂಡಬಾರದು. ಕುಟುಂಬದ ಒಬ್ಬ ಸದಸ್ಯರು ಜೊತೆಗಿದ್ದರೆ ಉತ್ತಮ.

ಕಾನೂನಿನ ರಕ್ಷಣೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿವೆ. ಅದರಂತೆ ಚಿಕಿತ್ಸೆ ಪಡೆಯುವವರಿಗೆ ಕೆಳಕಂಡ ಹಕ್ಕುಗಳಿವೆ:

1. ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನಿತ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವ ಹಕ್ಕು.
2. ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳ ಗೋಪ್ಯತೆಯ ಹಕ್ಕು. ಕಾನೂನಿನಲ್ಲಿ ಹೇಳಿದ ಸಂದರ್ಭಗಳ ಹೊರತು ಇವುಗಳನ್ನು ಇತರರಿಗೆ ನೀಡುವಂತಿಲ್ಲ.
3. ಕ್ರೌರ್ಯ ಮತ್ತು ಅಮಾನವೀಯ ನಡವಳಿಕೆಯಿಂದ ರಕ್ಷಣೆ. ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಲಾಗಿದೆ.
4. ವೈದ್ಯಕೀಯ ವಿಮೆಯಲ್ಲಿ ದೈಹಿಕ ಕಾಯಿಲೆಗಳಿಗೆ ಸಮಾನವಾಗಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಅವಕಾಶ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರುವ ಮೊದಲು ಅದು ನೋಂದಣಿಯಾಗಿದೆಯೇ, ವೈದ್ಯರು ಇದ್ದಾರೆಯೇ, ಕುಟುಂಬದವರ ಭೇಟಿಗೆ ಅವಕಾಶವಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉದ್ದೇಶ ಮರಳಿ ಬರಲು ಎಷ್ಟು ಕಾಲ ಬೇಕು?
ಉತ್ತರ: ಇದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ಮೊದಲು ನಿದ್ರೆ ಮತ್ತು ಹಸಿವು, ಅನಂತರ ಸಣ್ಣ ಸಂತೋಷಗಳು, ಆಮೇಲೆ ಮುಂದಿನ ಬದುಕಿನ ಬಗೆಗಿನ ಆಸಕ್ತಿ ಮರಳುವುದು ಸಾಮಾನ್ಯ. ತಿಂಗಳುಗಳ ಅವಧಿ ಹಿಡಿಯುವುದು ಸಹಜವಾಗಿದ್ದು, ಅದನ್ನು ಸೋಲೆಂದು ಭಾವಿಸಬಾರದು.

ಪ್ರಶ್ನೆ: ಹಬ್ಬ ಅಥವಾ ಮದುವೆಯಲ್ಲಿ ಸ್ವಲ್ಪ ಕುಡಿದರೆ ತೊಂದರೆಯೇ?
ಉತ್ತರ: ಮದ್ಯಾವಲಂಬನೆಗೆ ಚಿಕಿತ್ಸೆ ಪಡೆದವರಿಗೆ ಮದ್ಯವನ್ನು ಪೂರ್ಣವಾಗಿ ವರ್ಜಿಸುವುದೇ ಸುರಕ್ಷಿತ. ಬಂಧುಗಳು ಒತ್ತಾಯ ಮಾಡಬಾರದು.

ಪ್ರಶ್ನೆ: ಹೊಸ ಕೆಲಸಕ್ಕೆ ಅರ್ಜಿ ಸಲ್ಲಿಸುವಾಗ ಹಳೆಯ ವ್ಯಸನದ ಬಗ್ಗೆ ನೆರೆಹೊರೆಯವರಿಗೆ, ಬಂಧುಗಳಿಗೆ ತಿಳಿಸಬೇಕೇ?
ಉತ್ತರ: ಬೇಕಾಗಿಲ್ಲ. ಯಾರಿಗೆ, ಎಷ್ಟು ತಿಳಿಸಬೇಕೆಂಬುದು ಚೇತರಿಸಿಕೊಳ್ಳುತ್ತಿರುವವರ ನಿರ್ಧಾರ. ನಂಬಿಕೆಯ ಒಬ್ಬರಿಗಾದರೂ ತಿಳಿದಿದ್ದರೆ ಕಷ್ಟದ ವೇಳೆಯಲ್ಲಿ ನೆರವಾಗುತ್ತದೆ.

ಪ್ರಶ್ನೆ: ಆಸ್ಪತ್ರೆಗೆ ದಾಖಲಾಗುವುದು ಕಡ್ಡಾಯವೇ?
ಉತ್ತರ: ಇಲ್ಲ. ಅನೇಕರಿಗೆ ಹೊರರೋಗಿಯಾಗಿಯೇ ಚಿಕಿತ್ಸೆ ನೀಡಲು ಸಾಧ್ಯವಿದೆ. ದಾಖಲಾತಿಯ ಅಗತ್ಯವನ್ನು ವೈದ್ಯರು ತೀರ್ಮಾನಿಸುತ್ತಾರೆ. ಸ್ವಇಚ್ಛೆಯಿಂದ ದಾಖಲಾದ ವಯಸ್ಕರು ಬಿಡುಗಡೆಯನ್ನು ಕೋರಬಹುದು.

ದುಡಿಮೆಯ ಬಳಲಿಕೆ ಮತ್ತು ವ್ಯಸನದಿಂದ ಹೊರಬಂದವರು ಮೊದಲಿನ ವ್ಯಕ್ತಿಯೇ ಆಗಿ ಮರಳಬೇಕಾಗಿಲ್ಲ. ಶಕ್ತಿಗೆ ತಕ್ಕಷ್ಟು ದುಡಿದು, ಕೊಟ್ಟ ಮಾತನ್ನು ದಿನದಿನವೂ ಉಳಿಸಿಕೊಂಡು, ಒಬ್ಬರಿಗಾದರೂ ಬೇಕಾದವರಾಗಿ ಬಾಳುವುದು ಸಾಕು. ಸಾರ್ವಜನಿಕರು ಮೇಲ್ಕಂಡ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಹಾಗೂ ಅಗತ್ಯವಿರುವ ಇತರರಿಗೂ ಈ ಮಾಹಿತಿಯನ್ನು ತಲುಪಿಸಬೇಕೆಂದು ಕೋರಲಾಗಿದೆ.